ಕಡ್ಡಾಯ ಯುವಸೇವೆಯ ಭರವಸೆ: ಬ್ರಿಟನ್ ಮತದಾರರು ಕೇಳಿದ ಪ್ರಶ್ನೆಗಳನ್ನು ನಾವೂ ಕೇಳಬೇಕು

ಮಾನ್ಯ ಸಂಪಾದಕರೇ,

ಹದಿನೆಂಟು ತುಂಬಿದವರನ್ನೆಲ್ಲ ಒಂದು ವರ್ಷ ಸೈನ್ಯಕ್ಕೋ ಸಮಾಜಸೇವೆಗೋ ಕಡ್ಡಾಯವಾಗಿ ಕಳಿಸಬೇಕು, ಆಗ ಶಿಸ್ತು ಬರುತ್ತದೆ, ಮೊಬೈಲ್ ಗೀಳು ಬಿಡುತ್ತದೆ ಎಂಬ ಪತ್ರಗಳು ಕನ್ನಡ ಪತ್ರಿಕೆಗಳ ವಾಚಕರ ಅಂಕಣಗಳಲ್ಲಿ ಆಗಾಗ ಕಾಣಿಸುತ್ತವೆ. ಬರೆಯುವವರ ಕಳಕಳಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಈ ಮಾತು ಆಳುವ ಪಕ್ಷವೊಂದರ ಪ್ರಣಾಳಿಕೆಗೆ ಏರಿದರೆ ಏನಾಗುತ್ತದೆ ಎಂಬುದನ್ನು 2024ರ ಬ್ರಿಟನ್ ಸಂಸತ್ ಚುನಾವಣೆ ತೋರಿಸಿಕೊಟ್ಟಿದೆ. ನಮ್ಮಲ್ಲಿ ಆ ಚುನಾವಣೆಯ ಸುದ್ದಿ ಹೆಚ್ಚಾಗಿ ‘ಬೆಂಗಳೂರಿನ ಅಳಿಯ’, ಆಗಿನ ಪ್ರಧಾನಿ ರಿಷಿ ಸುನಕ್ ಗೆಲ್ಲುತ್ತಾರೋ ಸೋಲುತ್ತಾರೋ ಎಂಬುದರ ಸುತ್ತಲೇ ಇತ್ತು. ಅವರು ಮುಂದಿಟ್ಟ ಯೋಜನೆಯ ಒಳವಿವರವಾಗಲಿ, ಅದಕ್ಕೆ ಅಲ್ಲಿನ ಜನ ಕೊಟ್ಟ ಪ್ರತಿಕ್ರಿಯೆಯಾಗಲಿ ಇಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ. 2025ರ ಕೊನೆಯಲ್ಲಿ ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಇದೇ ವಿಷಯ ಮತ್ತೆ ಎದ್ದದ್ದರಿಂದ, ಆ ವಿವರಗಳನ್ನು ಓದುಗರ ಮುಂದಿಡುವುದು ಅಗತ್ಯ ಎನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಸುನಕ್ 2024ರ ಮೇ 22ರಂದು ಪ್ರಧಾನಿ ನಿವಾಸದ ಮುಂದೆ ಮಳೆಯಲ್ಲಿ ನೆನೆಯುತ್ತಲೇ ಚುನಾವಣೆ ಘೋಷಿಸಿದರು. ಮತದಾನ ಜುಲೈ 4ಕ್ಕೆ. ಘೋಷಣೆಯಾದ ಮೊದಲ ಶನಿವಾರವೇ, ಅಂದರೆ ಮೇ 25ರ ರಾತ್ರಿ, ಅವರ ಕನ್ಸರ್ವೇಟಿವ್ ಪಕ್ಷ ತನ್ನ ಮೊದಲ ದೊಡ್ಡ ಭರವಸೆಯನ್ನು ಹೊರಬಿಟ್ಟಿತು: 18 ವರ್ಷದ ಎಲ್ಲರಿಗೂ ಕಡ್ಡಾಯ ರಾಷ್ಟ್ರೀಯ ಸೇವೆ. ಅದರಲ್ಲಿ ಎರಡು ದಾರಿ ಇದ್ದವು. ಒಂದು, ಆಯ್ಕೆಯಾದ 30,000 ಮಂದಿಗೆ ಸಶಸ್ತ್ರ ಪಡೆಗಳಲ್ಲಿ ಅಥವಾ ಸೈಬರ್ ರಕ್ಷಣೆಯಲ್ಲಿ 12 ತಿಂಗಳ ಪೂರ್ಣಾವಧಿ ಕೆಲಸ. ಇನ್ನೊಂದು, ಉಳಿದ ಎಲ್ಲರಿಗೂ ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ 25 ದಿನ, ಅಗ್ನಿಶಾಮಕ ದಳ, ಪೊಲೀಸ್, ಸರ್ಕಾರಿ ಆರೋಗ್ಯ ಸೇವೆ ಅಥವಾ ಒಂಟಿ ವೃದ್ಧರನ್ನು ನೋಡಿಕೊಳ್ಳುವ ಸೇವಾಸಂಸ್ಥೆಗಳಲ್ಲಿ ಕೆಲಸ. ವಿವರ ರೂಪಿಸಲು ರಾಯಲ್ ಕಮಿಷನ್ ಎಂಬ ಉನ್ನತ ಆಯೋಗ, 2025ರ ಸೆಪ್ಟೆಂಬರ್‌ನಿಂದ ಪ್ರಾಯೋಗಿಕ ಹಂತ, ಮುಂದಿನ ಸಂಸತ್ತಿನ ಅವಧಿ ಮುಗಿಯುವಷ್ಟರಲ್ಲಿ ಕಡ್ಡಾಯ ಕಾನೂನು. ಖರ್ಚು 2029–30ರ ಹೊತ್ತಿಗೆ ವರ್ಷಕ್ಕೆ 250 ಕೋಟಿ ಪೌಂಡ್.

ಪ್ರತಿಕ್ರಿಯೆ ಮರುದಿನ ಬೆಳಗ್ಗೆಯಿಂದಲೇ ಶುರುವಾಯಿತು. ಅದರಲ್ಲಿ ನಾನು ಗಮನಿಸಿದ್ದು ಇದು: ‘ಸೇವೆ ಒಳ್ಳೆಯದೇ, ಕೆಟ್ಟದ್ದೇ’ ಎಂಬ ತಾತ್ವಿಕ ಜಗಳಕ್ಕಿಂತ ಮೊದಲು ಜನ ಕೇಳಿದ್ದು ತೀರಾ ವ್ಯಾವಹಾರಿಕ ಪ್ರಶ್ನೆಗಳನ್ನು. ಹೋಗದಿದ್ದರೆ ಏನು ಮಾಡುತ್ತೀರಿ? ಸಂಬಳ ಇದೆಯೇ? ಶನಿವಾರ ಅಂಗಡಿಯಲ್ಲಿ ದುಡಿಯುವ ಹುಡುಗಿಗೆ ಆ ದಿನದ ಕೂಲಿ ಯಾರು ಕೊಡುತ್ತಾರೆ? ನಮ್ಮ ಹಳ್ಳಿಗೆ ಭಾನುವಾರ ಬಸ್ಸೇ ಇಲ್ಲ, ಅವಳನ್ನು ಕರೆದೊಯ್ಯುವವರು ಯಾರು? ಇವುಗಳಲ್ಲಿ ಹೆಚ್ಚಿನವಕ್ಕೆ ಪಕ್ಷದ ಬಳಿ ಸ್ಪಷ್ಟ ಉತ್ತರ ಇರಲಿಲ್ಲ. ವಿವರಗಳನ್ನು ರಾಯಲ್ ಕಮಿಷನ್ ತೀರ್ಮಾನಿಸುತ್ತದೆ ಎನ್ನುವುದೇ ಉತ್ತರವಾಯಿತು.

ಶಿಕ್ಷೆಯ ಪ್ರಶ್ನೆಯನ್ನೇ ನೋಡಿ. ಯೋಜನೆ ಕಡ್ಡಾಯ ಎಂದು ಘೋಷಿಸಿದ ಮರುದಿನವೇ ಗೃಹ ಸಚಿವ ಜೇಮ್ಸ್ ಕ್ಲೆವರ್ಲಿ, ಯಾರನ್ನೂ ಜೈಲಿಗೆ ಕಳಿಸುವುದಿಲ್ಲ, ಕ್ರಿಮಿನಲ್ ಕ್ರಮ ಇಲ್ಲ ಎಂದರು. ಹಾಗಾದರೆ ಕಡ್ಡಾಯ ಯಾವುದರಿಂದ? ಈ ಪ್ರಶ್ನೆ ಸುಮಾರು ನಾಲ್ಕು ವಾರ ಹಾಗೇ ತೂಗಾಡಿತು. ಜೂನ್ 20ರಂದು ಬಿಬಿಸಿಯ ನೇರಪ್ರಸಾರದಲ್ಲಿ ಸಭಿಕರ ಮುಂದೆ ನಿಂತ ಸುನಕ್, ಯುರೋಪಿನ ಬೇರೆ ಬೇರೆ ಮಾದರಿಗಳನ್ನು ನೋಡುತ್ತೇವೆ, ಚಾಲನಾ ಪರವಾನಗಿ, ಹಣಕಾಸು ಸೌಲಭ್ಯ ಪಡೆಯುವಿಕೆ ಇಂಥವುಗಳನ್ನು ಅದಕ್ಕೆ ಜೋಡಿಸಬಹುದು ಎಂಬ ಅರ್ಥದ ಮಾತಾಡಿದರು. ಮತದಾನಕ್ಕೆ ಎರಡೇ ವಾರ ಉಳಿದಿದ್ದಾಗ ಹದಿಹರೆಯದ ಮಕ್ಕಳ ತಂದೆತಾಯಿಗಳ ಕಿವಿಗೆ ಬಿದ್ದದ್ದು ಇಷ್ಟು: ಮಗ ಹೋಗದಿದ್ದರೆ ಲೈಸೆನ್ಸ್ ಇಲ್ಲ, ಸಾಲ ಇಲ್ಲ. ಹಳ್ಳಿಯಲ್ಲಿರುವವನಿಗೆ ಲೈಸೆನ್ಸ್ ಇಲ್ಲದಿದ್ದರೆ ಕೆಲಸವೂ ಇಲ್ಲ. ನಗರದವನಿಗೆ ಅದೇ ಶಿಕ್ಷೆ ಲೆಕ್ಕಕ್ಕೇ ಇಲ್ಲ. ಒಂದೇ ತಪ್ಪಿಗೆ ಊರಿನ ಮೇಲೆ ಬದಲಾಗುವ ದಂಡವನ್ನು ಯಾವ ನ್ಯಾಯಾಲಯವೂ ಸುಲಭವಾಗಿ ಒಪ್ಪಲಾರದು.

ಸೈನ್ಯದ ಕಡೆಯಿಂದ ಬಂದ ಪ್ರತಿಕ್ರಿಯೆ ಇನ್ನೂ ಕಠಿಣವಾಗಿತ್ತು. ಯೋಜನೆ ಪ್ರಕಟವಾಗುವ ಎರಡು ದಿನ ಮೊದಲು, ಮೇ 23ರಂದು, ಅದೇ ಸರ್ಕಾರದ ರಕ್ಷಣಾ ಖಾತೆಯ ಕಿರಿಯ ಸಚಿವ ಆಂಡ್ರ್ಯೂ ಮರ್ರಿಸನ್ ಸಂಸತ್ತಿಗೆ ಕೊಟ್ಟ ಲಿಖಿತ ಉತ್ತರದಲ್ಲಿ ರಾಷ್ಟ್ರೀಯ ಸೇವೆಯನ್ನು ಮತ್ತೆ ತರುವ ಯಾವ ಆಲೋಚನೆಯೂ ಇಲ್ಲ ಎಂದಿದ್ದರು. ಕಾರಣವನ್ನೂ ಬಿಡಿಸಿ ಹೇಳಿದ್ದರು: ಮನಸ್ಸಿಲ್ಲದವರನ್ನು ವೃತ್ತಿಪರ ಸೈನಿಕರ ಜೊತೆ ನಿಲ್ಲಿಸಿದರೆ ಸ್ಥೈರ್ಯ ಕುಂದುತ್ತದೆ, ನೇಮಕಾತಿಗೂ ಇರುವವರನ್ನು ಉಳಿಸಿಕೊಳ್ಳುವುದಕ್ಕೂ ಪೆಟ್ಟು ಬೀಳುತ್ತದೆ, ಬೇರೆ ಘಟಕ ಮಾಡಿ ಕೂರಿಸಿದರೆ ಅವರಿಗೆ ಅರ್ಥವಿರುವ ಕೆಲಸ ಹುಡುಕುವುದೇ ಕಷ್ಟ. ಆ ಉತ್ತರದ ಶಾಯಿ ಒಣಗುವ ಮೊದಲೇ ಪಕ್ಷ ತದ್ವಿರುದ್ಧವಾದ ಘೋಷಣೆ ಮಾಡಿತು. ನೌಕಾಪಡೆಯ ಮಾಜಿ ಮುಖ್ಯಸ್ಥ ಲಾರ್ಡ್ ವೆಸ್ಟ್ ಇದನ್ನು ಹುಚ್ಚುತನ ಎಂದು ನೇರವಾಗಿ ಕರೆದರು, ರಕ್ಷಣೆಗೆ ಹೋಗಬೇಕಾದ ಹಣವನ್ನು ಇದು ಹೀರಿಕೊಳ್ಳುತ್ತದೆ ಎಂದರು. ಭೂಸೇನೆಯ ಮಾಜಿ ಮುಖ್ಯಸ್ಥ ರಿಚರ್ಡ್ ಡ್ಯಾನಟ್ ಅವರಿಗೆ ಇದು ಚುನಾವಣೆಗಾಗಿ ಹೂಡಿದ ಅವಕಾಶವಾದವಾಗಿ ಕಂಡಿತು. ಸುನಕ್ ಸರ್ಕಾರದಲ್ಲೇ ಉತ್ತರ ಐರ್ಲೆಂಡ್ ಖಾತೆಯ ಸಚಿವರಾಗಿದ್ದ ಸ್ಟೀವ್ ಬೇಕರ್, ರಾಜಕೀಯ ಸಲಹೆಗಾರರು ರೂಪಿಸಿದ್ದನ್ನು ಅಭ್ಯರ್ಥಿಗಳ ಮೇಲೆ ದಿಢೀರನೆ ಹೇರಲಾಗಿದೆ ಎಂದು ಬಹಿರಂಗವಾಗಿಯೇ ಹೇಳಿದರು. ಸ್ವಂತ ಅಭ್ಯರ್ಥಿಗಳಿಗೇ ಮುಂಚಿತವಾಗಿ ತಿಳಿಸದ ಯೋಜನೆಯನ್ನು ಅವರು ಮನೆಮನೆಗೆ ಹೋಗಿ ಸಮರ್ಥಿಸುವುದು ಹೇಗೆ?

ಸೈನಿಕ ಭಾಗದ ಲೆಕ್ಕ ಹೀಗಿದೆ. ಬ್ರಿಟನ್ನಿನ ಕಾಯಂ ಭೂಸೇನೆಯ ಬಲ ಆಗ ಸುಮಾರು 73,000. ಅಷ್ಟು ಚಿಕ್ಕ ಪಡೆಗೆ ಪ್ರತಿವರ್ಷ 30,000 ಹೊಸಬರು ಬಂದರೆ, ಅವರೆಲ್ಲ ಭೂಸೇನೆಗೇ ಬಾರದೆ ನೌಕಾಪಡೆ, ವಾಯುಪಡೆ, ಸೈಬರ್ ವಿಭಾಗಗಳಿಗೆ ಹಂಚಿಹೋದರೂ, ಕಲಿಸುವ ಹವಾಲ್ದಾರರು, ಬ್ಯಾರಕ್ಕಿನ ಹಾಸಿಗೆಗಳು, ಫೈರಿಂಗ್ ರೇಂಜ್‌ಗಳು, ವೈದ್ಯಕೀಯ ತಪಾಸಣೆಯ ಸರದಿ ಎಲ್ಲವನ್ನೂ ಹೆಚ್ಚಿಸಲೇಬೇಕು. ಸಾಮಾನ್ಯ ಸೈನಿಕನ ಮೂಲ ತರಬೇತಿಯೇ ಸುಮಾರು 13 ವಾರ. ಅದಾದ ಮೇಲೆ ಸಿಗ್ನಲ್ಸ್, ವಾಹನ, ಎಂಜಿನಿಯರಿಂಗ್ ಹೀಗೆ ಆಯಾ ವಿಭಾಗದ ತರಬೇತಿಗೆ ಕೆಲವು ವಾರಗಳಿಂದ ಹಲವು ತಿಂಗಳು. ಹನ್ನೆರಡು ತಿಂಗಳಲ್ಲಿ ಇದನ್ನೆಲ್ಲ ಕಳೆದರೆ ಘಟಕಕ್ಕೆ ನಿಜವಾಗಿ ಉಪಯೋಗಕ್ಕೆ ಸಿಗುವುದು ಕೊನೆಯ ಕೆಲವೇ ತಿಂಗಳು. ಅಷ್ಟರಲ್ಲಿ ಅವರು ಮನೆಗೆ ಹೊರಟಿರುತ್ತಾರೆ, ಮುಂದಿನ ತಂಡ ಬಾಗಿಲಲ್ಲಿರುತ್ತದೆ. ಕಲಿಸುವವರು ಮಾತ್ರ ತಮ್ಮ ಘಟಕಕ್ಕೆ ಮರಳುವುದೇ ಇಲ್ಲ. ಬ್ರಿಟನ್ನಿನ ಹಳೆಯ ಅನುಭವವೂ ಇದನ್ನೇ ಹೇಳುತ್ತದೆ. 1949ರ ಜನವರಿಯಿಂದ ಜಾರಿಗೆ ಬಂದ ಅಲ್ಲಿನ ಕಡ್ಡಾಯ ಸೇವೆ ಮೊದಲು 18 ತಿಂಗಳದ್ದು. ಕೊರಿಯಾ ಯುದ್ಧ ಶುರುವಾದಾಗ 1950ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿದರು. 1960ರ ಕೊನೆಗೆ ಹೊಸ ಕರೆ ನಿಂತಿತು, ಕೊನೆಯ ಕಡ್ಡಾಯ ಸೈನಿಕ 1963ರಲ್ಲಿ ಹೊರಬಂದ. ಅದನ್ನು ನೆನೆದು ಹಿರಿಯರು ಹೆಮ್ಮೆಪಡುವುದು ಸಹಜ. ಆದರೆ ಆಗ ದೇಶಕ್ಕೆ ಜರ್ಮನಿಯಿಂದ ಮಲಯದವರೆಗೆ ಕಾವಲು ನಿಲ್ಲಿಸಲು ಲಕ್ಷಗಟ್ಟಲೆ ಜನ ಬೇಕಿತ್ತು. 2024ರಲ್ಲಿ ಸೇನೆ ಕೇಳುತ್ತಿದ್ದದ್ದು ಹೆಚ್ಚು ಕಾಲ ಉಳಿಯುವ ಕುಶಲರನ್ನು.

ವಾರಾಂತ್ಯದ ಸೇವೆಯ ಬಗ್ಗೆ ಬ್ರಿಟನ್ನಿನಲ್ಲಿ ಸಾಕಷ್ಟು ಚರ್ಚೆ ನಡೆಯಲಿಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನೂರರಲ್ಲಿ ತೊಂಬತ್ತಾರು ಮಂದಿಗೆ ಬೀಳುತ್ತಿದ್ದದ್ದು ಅದೇ. ಅಲ್ಲಿ ವರ್ಷಕ್ಕೆ ಏಳು ಲಕ್ಷಕ್ಕೂ ಹೆಚ್ಚು ಮಂದಿಗೆ 18 ತುಂಬುತ್ತದೆ. ಮೂವತ್ತು ಸಾವಿರ ಕಳೆದು 6,70,000 ಎಂದೇ ಹಿಡಿಯಿರಿ. ತಲಾ 25 ದಿನ ಎಂದರೆ ವರ್ಷಕ್ಕೆ 1 ಕೋಟಿ 67 ಲಕ್ಷ ಮಾನವದಿನ. ಕೆಲಸದ ಜಾಗದಲ್ಲಿ ಹತ್ತು ಮಂದಿಗೊಬ್ಬ ಮೇಲ್ವಿಚಾರಕ ಸಾಕು ಎಂದರೂ, ತಿಂಗಳಿಗೊಂದು ವಾರಾಂತ್ಯ ಬಿಟ್ಟುಕೊಡುವ 67,000 ಹಿರಿಯರು ಬೇಕು, ಅದೂ ಪ್ರತಿವರ್ಷ, ಒಬ್ಬರೂ ರಜೆ ಹಾಕದಂತೆ. ನಮ್ಮ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಜೊತೆ ಹೋಲಿಸಿದರೆ ಇದರ ಗಾತ್ರ ತಿಳಿಯುತ್ತದೆ. 1969ರಲ್ಲಿ ಗಾಂಧಿ ಜನ್ಮಶತಮಾನೋತ್ಸವದ ವರ್ಷ 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳಿಂದ ಆರಂಭವಾದ ಈ ಯೋಜನೆಯಲ್ಲಿ ನೂರು ಸ್ವಯಂಸೇವಕರ ಒಂದು ಘಟಕಕ್ಕೆ ಒಬ್ಬ ಕಾರ್ಯಕ್ರಮಾಧಿಕಾರಿ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಬ್ರಿಟನ್ ಕೇಳಿದ್ದು ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ 200 ಗಂಟೆ. ಮನಸ್ಸಿದ್ದು ಸೇರಿದ ಮಕ್ಕಳಿರುವಲ್ಲೇ, ಅದರ ಅರ್ಧದ ಆಸುಪಾಸಿನ ಗಂಟೆಗಳಲ್ಲೇ ಎಲ್ಲಿ ಎಡವುತ್ತೇವೆ ಎಂಬುದು ಈ ಕೆಲಸ ಮಾಡಿಸಿದ ಯಾವ ಉಪನ್ಯಾಸಕರಿಗೂ ಗೊತ್ತು.

ಎಡವುವುದು ಉತ್ಸಾಹದ ಕೊರತೆಯಿಂದಲ್ಲ, ತಯಾರಿಯ ಕೊರತೆಯಿಂದ. ಐವತ್ತು ಜನರ ಶಿಬಿರಕ್ಕೆ ಹತ್ತು ಗುದ್ದಲಿ, ಹದಿನೈದು ಬುಟ್ಟಿ ತಂದರೆ ಮೊದಲ ಗಂಟೆ ಮುಗಿಯುವುದರೊಳಗೆ ಅರ್ಧ ಜನ ನೆರಳು ಹುಡುಕುತ್ತಾರೆ. ಇಂಗುಗುಂಡಿಗೆ ಹಿಂದಿನ ದಿನವೇ ಅಳತೆ ಮಾಡಿ ಸುಣ್ಣದ ಗೆರೆ ಎಳೆಯದಿದ್ದರೆ ಬೆಳಗಿನ ತಂಪು ಹೊತ್ತು ವಾದದಲ್ಲೇ ಕಳೆಯುತ್ತದೆ. ಶೌಚಾಲಯ, ಕುಡಿಯುವ ನೀರು, ಪ್ರಥಮ ಚಿಕಿತ್ಸೆ, ಹೆಣ್ಣುಮಕ್ಕಳಿಗೆ ಮಲಗುವ ಸುರಕ್ಷಿತ ಜಾಗ, ಇವು ನಾಲ್ಕೂ ಮೊದಲೇ ಗೊತ್ತಾಗಿರದಿದ್ದರೆ ಪೋಷಕರು ಎರಡನೇ ದಿನ ಮಕ್ಕಳನ್ನು ಕರೆದೊಯ್ಯುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಪಾಠ, ಪರೀಕ್ಷೆ, ಮೌಲ್ಯಮಾಪನದ ನಡುವೆ ಇದನ್ನೂ ಹೊತ್ತ ಅಧಿಕಾರಿಗೆ ಬಿಡುವಿಲ್ಲದಿದ್ದಾಗ ಹಾಜರಿ ಪುಸ್ತಕದಲ್ಲಿ ಮಾತ್ರ ಗಂಟೆಗಳು ತುಂಬುತ್ತವೆ. ಕಡ್ಡಾಯ ಎಂದ ಕೂಡಲೇ ಈ ಕೊನೆಯ ಪಿಡುಗು ಹೆಚ್ಚುತ್ತದೆ, ಏಕೆಂದರೆ ಆಗ ಬರದವನನ್ನು ಬಂದನೆಂದು ಬರೆಯುವುದರಲ್ಲಿ ಇಬ್ಬರಿಗೂ ಲಾಭ ಇರುತ್ತದೆ.

ಬ್ರಿಟನ್ನಿನಲ್ಲಿ ಇದರ ಮೇಲೆ ಇನ್ನೊಂದು ಪದರ ಇದೆ. ವೃದ್ಧರು, ಮಕ್ಕಳು, ರೋಗಿಗಳ ಜೊತೆ ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಅಪರಾಧ ದಾಖಲೆಗಳ ಪರಿಶೀಲನೆ ಆಗಬೇಕು. ಅದನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಒಂದು ಸಂಸ್ಥೆ, ಸ್ಕಾಟ್ಲೆಂಡ್‌ಗೆ ಇನ್ನೊಂದು, ಉತ್ತರ ಐರ್ಲೆಂಡ್‌ಗೆ ಮತ್ತೊಂದು ಸಂಸ್ಥೆ ಮಾಡುತ್ತದೆ. ಆಸ್ಪತ್ರೆಯಾದರೆ ಲಸಿಕೆಯ ದಾಖಲೆ, ಗೋಪ್ಯತೆಯ ತರಬೇತಿ, ರೋಗಿಯನ್ನು ಎತ್ತುವ-ಕೂರಿಸುವ ತರಬೇತಿ ಬೇರೆ. ಇಷ್ಟು ಮುಗಿಯುವಷ್ಟರಲ್ಲಿ ಹನ್ನೆರಡು ವಾರಾಂತ್ಯಗಳಲ್ಲಿ ಎರಡೋ ಮೂರೋ ಹೋಗಿರುತ್ತವೆ. ಪೊಲೀಸರ ಜೊತೆ ಸ್ವಯಂಸೇವೆ ಮಾಡುವ ಸ್ಪೆಷಲ್ ಕಾನ್‌ಸ್ಟೆಬಲ್‌ಗಳು ತಿಂಗಳಿಗೆ ಕನಿಷ್ಠ 16 ಗಂಟೆ ಕೊಡಬೇಕು, ಅದಕ್ಕೂ ಮೊದಲು ತಿಂಗಳುಗಳ ತರಬೇತಿ ಇರುತ್ತದೆ. ಕರೆಗೆ ಓಗೊಡುವ ಅರೆಕಾಲಿಕ ಅಗ್ನಿಶಾಮಕ ಸಿಬ್ಬಂದಿ ಠಾಣೆಯಿಂದ ಐದಾರು ನಿಮಿಷದ ದೂರದಲ್ಲೇ ವಾಸವಿರಬೇಕು ಎಂಬುದು ಸಾಮಾನ್ಯ ನಿಯಮ. ಹದಿನೆಂಟರ ಹುಡುಗ ಸೆಪ್ಟೆಂಬರ್‌ನಲ್ಲಿ ಊರು ಬಿಟ್ಟು ಇನ್ನೂರು ಮೈಲಿ ದೂರದ ವಿಶ್ವವಿದ್ಯಾಲಯಕ್ಕೆ ಹೊರಡುತ್ತಾನೆ. ಒಂದು ಊರಿನಲ್ಲಿ ತರಬೇತಿ ಪಡೆದವನ ಸೇವೆ ಇನ್ನೊಂದು ಊರಿನಲ್ಲಿ ಮೊದಲಿನಿಂದ ಶುರು. ಸ್ಕಾಟ್ಲೆಂಡ್‌ನಲ್ಲಿ ಆರೋಗ್ಯ, ಪೊಲೀಸ್, ಅಗ್ನಿಶಾಮಕ ಮೂರೂ ಅಲ್ಲಿನ ಸರ್ಕಾರದ ಕೈಯಲ್ಲಿವೆ. ಲಂಡನ್ನಿನಲ್ಲಿ ಮಾಡಿದ ಭರವಸೆಯನ್ನು ಎಡಿನ್‌ಬರೋದ ಸ್ಕಾಟಿಷ್ ಸರ್ಕಾರ ಒಪ್ಪಿ ಜಾರಿ ಮಾಡಬೇಕು, ಅಲ್ಲಿ ಆಳುತ್ತಿದ್ದದ್ದು ಬೇರೆ ಪಕ್ಷ. ಉತ್ತರ ಐರ್ಲೆಂಡ್‌ನ ಮಾತಂತೂ ಇನ್ನೂ ಸೂಕ್ಷ್ಮ. 1918ರಲ್ಲಿ ಐರ್ಲೆಂಡಿನ ಮೇಲೆ ಕಡ್ಡಾಯ ಸೈನಿಕ ಸೇವೆ ಹೇರಲು ಹೋಗಿ ಬ್ರಿಟನ್ ಕೈಸುಟ್ಟುಕೊಂಡಿತ್ತು. ಎರಡನೇ ಮಹಾಯುದ್ಧದಲ್ಲಿ ಕೂಡ ಉತ್ತರ ಐರ್ಲೆಂಡನ್ನು ಅದರಿಂದ ಹೊರಗಿಟ್ಟರು. 1998ರ ಶಾಂತಿ ಒಪ್ಪಂದದ ನಂತರ ಅಲ್ಲಿ ಹುಟ್ಟಿದವರು ಬ್ರಿಟಿಷ್ ಎನ್ನದೆ ಐರಿಶ್ ಎಂದಷ್ಟೇ ತಮ್ಮನ್ನು ಗುರುತಿಸಿಕೊಳ್ಳಬಹುದು. ಅಂಥ ಯುವಕನನ್ನು ಬ್ರಿಟಿಷ್ ಸೇನೆಗೆ ಕರೆಯುವ ಕಾನೂನಿನ ಪರಿಣಾಮವನ್ನು ಊಹಿಸಲು ಹೆಚ್ಚು ರಾಜಕೀಯ ಜ್ಞಾನ ಬೇಕಿಲ್ಲ.

ಕೋವಿಡ್ ಕಾಲದ ಒಂದು ನಿದರ್ಶನವಂತೂ ಅವರ ಕಣ್ಣೆದುರೇ ಇತ್ತು. 2020ರ ಮಾರ್ಚ್ 24ರಂದು ಸರ್ಕಾರ ಇಂಗ್ಲೆಂಡಿನ ಆರೋಗ್ಯ ಸೇವೆಗೆ ಎರಡೂವರೆ ಲಕ್ಷ ಸ್ವಯಂಸೇವಕರನ್ನು ಕೇಳಿತು. ಕೆಲವೇ ದಿನಗಳಲ್ಲಿ ಏಳೂವರೆ ಲಕ್ಷ ಜನ ಹೆಸರು ಕೊಟ್ಟರು, ನೋಂದಣಿಯನ್ನೇ ತಡೆಹಿಡಿಯಬೇಕಾಯಿತು. ಆಮೇಲೆ ಅವರಲ್ಲಿ ಬಹಳ ಮಂದಿ ವಾರಗಟ್ಟಲೆ ಫೋನ್ ಹಿಡಿದು ಕಾದರೂ ಒಂದು ಕೆಲಸವೂ ಬರಲಿಲ್ಲ. ಜನರಲ್ಲಿ ಮನಸ್ಸು ಇರಲಿಲ್ಲ ಎನ್ನುವಂತಿಲ್ಲ. ಕೆಲಸವನ್ನು ತುಂಡು ಮಾಡಿ, ಸರಿಯಾದ ವ್ಯಕ್ತಿಗೆ ಸರಿಯಾದ ಹೊತ್ತಿಗೆ ಹಂಚುವ ಸ್ಥಳೀಯ ವ್ಯವಸ್ಥೆ ಅಷ್ಟು ದೊಡ್ಡದಿರಲಿಲ್ಲ.

ಹಣದ ವಿಷಯದಲ್ಲಿ ವಿರೋಧಿಗಳು ಹೇಳಿದ್ದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. 250 ಕೋಟಿ ಪೌಂಡ್ ಏನೇನೂ ಸಾಲದು ಎಂದವರಿದ್ದರು. ಮೂವತ್ತು ಸಾವಿರ ಮಂದಿಗೆ ತಲಾ 20,000 ಪೌಂಡ್ ಸಂಬಳ ಎಂದು ಹಿಡಿದರೆ 60 ಕೋಟಿ ಹೋಯಿತು. ಉಳಿದ 190 ಕೋಟಿಯನ್ನು 6,70,000 ಮಂದಿಗೆ ಹಂಚಿದರೆ ಒಬ್ಬರಿಗೆ ಸುಮಾರು 2,800 ಪೌಂಡ್, ದಿನಕ್ಕೆ ನೂರಹತ್ತು ಚಿಲ್ಲರೆ. ಬ್ಯಾರಕ್ಕು, ತರಬೇತುದಾರರ ಖರ್ಚು ಸೇರಿಸಿದರೆ ಇದು ಕರಗುತ್ತದೆ, ಆದರೂ ತೀರಾ ಹುಡುಗಾಟದ ಮೊತ್ತವಲ್ಲ. ಜನರನ್ನು ಕೆರಳಿಸಿದ್ದು ಹಣ ಎಲ್ಲಿಂದ ಬರುತ್ತದೆ ಎಂಬುದು. 100 ಕೋಟಿ ತೆರಿಗೆ ತಪ್ಪಿಸುವವರಿಂದ ವಸೂಲು ಮಾಡುವುದಾಗಿಯೂ, 150 ಕೋಟಿಯನ್ನು ‘ಷೇರ್ಡ್ ಪ್ರಾಸ್ಪೆರಿಟಿ ಫಂಡ್’ಗೆ ಹೋಗುತ್ತಿದ್ದ ಹಣದಿಂದ ತೆಗೆಯುವುದಾಗಿಯೂ ಪಕ್ಷ ಹೇಳಿತು. ಬ್ರೆಕ್ಸಿಟ್ ನಂತರ ಯುರೋಪಿನ ಅನುದಾನ ನಿಂತ ಹಿಂದುಳಿದ ಪ್ರದೇಶಗಳಿಗೆ ಬದಲಿಯಾಗಿ ಬಂದ ನಿಧಿ ಅದು. ಮೂರು ವರ್ಷಕ್ಕೆ 260 ಕೋಟಿ ಪೌಂಡ್. ವೇಲ್ಸ್‌ನಂಥ ಕಡೆ ಸಣ್ಣ ಉದ್ಯಮ, ಕೌಶಲ ತರಬೇತಿ, ಊರಿನ ಪೇಟೆಬೀದಿಗಳ ದುರಸ್ತಿ ನಡೆಯುತ್ತಿದ್ದದ್ದು ಅದರಿಂದ. ಬಡ ಊರಿನ ಯುವಕನಿಗೆ ಕೌಶಲ ಕಲಿಸುವ ಹಣ ತೆಗೆದು ಅದೇ ಯುವಕನನ್ನು ಸಂಬಳವಿಲ್ಲದ ವಾರಾಂತ್ಯದ ಕೆಲಸಕ್ಕೆ ಕಳಿಸುವುದು ನ್ಯಾಯವೇ ಎಂದು ಜನ ಕೇಳಿದರೆ ಅದರಲ್ಲಿ ತಪ್ಪೇನಿದೆ? 2010ರ ನಂತರ ಸ್ಥಳೀಯ ಆಡಳಿತಗಳ ಯುವಜನ ಸೇವೆಗಳಿಗೆ ಬಿದ್ದ ಕತ್ತರಿಯಿಂದ ಎಷ್ಟೋ ಊರುಗಳ ಯೂತ್ ಕ್ಲಬ್‌ಗಳು ಮುಚ್ಚಿದ್ದನ್ನು ಅವರು ಮರೆತಿರಲಿಲ್ಲ. ಅದೇ ಪಕ್ಷದ ನೇತೃತ್ವದ ಸರ್ಕಾರ 2011ರಲ್ಲಿ 16–17ರ ವಯಸ್ಸಿನವರಿಗಾಗಿ ತಂದ ಸ್ವಯಂಪ್ರೇರಿತ ‘ನ್ಯಾಷನಲ್ ಸಿಟಿಜನ್ ಸರ್ವಿಸ್’ ಕೂಡ ಗುರಿ ಮುಟ್ಟಿರಲಿಲ್ಲ. 2016ರಲ್ಲಿ ಒಬ್ಬೊಬ್ಬರಿಗೆ 1,800 ಪೌಂಡಿಗೂ ಹೆಚ್ಚು ಖರ್ಚು ತಗುಲಿತ್ತು, ಭರ್ತಿಯಾಗದ ಸ್ಥಾನಗಳಿಗೂ ಹಣ ಹೋಗಿತ್ತು.

ಪ್ರತಿಕ್ರಿಯೆ ಒಂದೇ ಬಣ್ಣದ್ದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಸಮೀಕ್ಷೆಗಳಲ್ಲಿ ದೇಶ ಹೆಚ್ಚುಕಡಿಮೆ ಎರಡಾಗಿ ಒಡೆದಿತ್ತು. ಅರವತ್ತೈದು ದಾಟಿದವರು ದೊಡ್ಡ ಸಂಖ್ಯೆಯಲ್ಲಿ ಬೆಂಬಲಿಸಿದರು, ಯುವಜನ ದೊಡ್ಡ ಸಂಖ್ಯೆಯಲ್ಲಿ ವಿರೋಧಿಸಿದರು. ಸಮಾಜದಲ್ಲಿ ಬೇರೆ ಬೇರೆ ವರ್ಗ, ಊರು, ಮೈಬಣ್ಣದ ಮಕ್ಕಳು ಒಟ್ಟಿಗೆ ಕೆಲಸ ಮಾಡುವ ಒಂದು ಜಾಗವಾದರೂ ಇರಲಿ ಎಂಬ ಹಂಬಲ ಬೆಂಬಲಿಗರಲ್ಲಿ ಪ್ರಾಮಾಣಿಕವಾಗಿಯೇ ಇತ್ತು, ನಾನೂ ಅದನ್ನು ಗೌರವಿಸುತ್ತೇನೆ. ಕನ್ಸರ್ವೇಟಿವ್ ಪಕ್ಷಕ್ಕೆ ಹತ್ತಿರದ ಚಿಂತನಾ ಸಂಸ್ಥೆಯಾದ ಆನ್‌ವರ್ಡ್ 2023ರಲ್ಲಿ ಸೂಚಿಸಿದ್ದ ರೂಪದಲ್ಲಿ ಎಲ್ಲರ ಹೆಸರೂ ತಾನಾಗಿ ದಾಖಲಾಗುತ್ತದೆ, ಬೇಡವೆಂದವರು ಹೊರಗುಳಿಯಬಹುದಿತ್ತು. ಆ ಒಂದು ಕಿಟಕಿಯನ್ನು ಉಳಿಸಿಕೊಂಡಿದ್ದರೆ ಶಿಕ್ಷೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಚುನಾವಣೆಗೆ ಸದ್ದು ಬೇಕಿತ್ತು, ಆದ್ದರಿಂದ ‘ಕಡ್ಡಾಯ’ ಬಂತು ಎಂದೇ ನನಗೆ ತೋರುತ್ತದೆ. ಘೋಷಣೆ ಬಿದ್ದದ್ದೂ ನಮ್ಮ ದ್ವಿತೀಯ ಪಿಯುಸಿಯಂಥ, ಅಲ್ಲಿನ ಎ-ಲೆವೆಲ್ ಪರೀಕ್ಷೆಯ ನಡುವೆ. ಓದುತ್ತ ಕೂತ ಹದಿನೇಳು-ಹದಿನೆಂಟರ ಮಕ್ಕಳು ಸಾಮಾಜಿಕ ಜಾಲತಾಣಗಳಲ್ಲಿ ಅಷ್ಟು ಸಿಟ್ಟಾಗಿದ್ದಕ್ಕೆ ಅದೂ ಒಂದು ಕಾರಣ. ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯಲ್ಲಿ, ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳು ಅಲ್ಲಿ ಇಳಿದ ‘ಡಿ-ಡೇ’ಯ 80ನೇ ವರ್ಷದ ಸ್ಮರಣೆಯಿಂದ ಸುನಕ್ ಮಧ್ಯದಲ್ಲೇ ಎದ್ದು ಬಂದದ್ದು, ಮರುದಿನ ಕ್ಷಮೆ ಕೇಳಿದ್ದು ಈ ಯೋಜನೆಗೆ ಬಿದ್ದ ಅತಿ ದೊಡ್ಡ ಏಟು. ಯುವಕರಿಗೆ ಕರ್ತವ್ಯ ಕಲಿಸಲು ಹೊರಟವರು ಹಿರಿಯ ಯೋಧರ ನಡುವಿಂದ ಹೊರಟುಬಿಟ್ಟರೆ, ಯೋಜನೆಯನ್ನು ಮೆಚ್ಚಿದ್ದ ಆ ಹಿರಿಯ ಮತದಾರರೇ ನೊಂದುಕೊಂಡರು. ಜುಲೈ 4ರ ಫಲಿತಾಂಶದಲ್ಲಿ 2019ರ 365 ಸ್ಥಾನಗಳು 121ಕ್ಕೆ ಇಳಿದವು. ಸೋಲಿಗೆ ಇದೊಂದೇ ಕಾರಣ ಎನ್ನುವುದು ತಪ್ಪು, ಪಕ್ಷ ಅದಕ್ಕೂ ಮೊದಲೇ ಸಮೀಕ್ಷೆಗಳಲ್ಲಿ ಬಹಳ ಹಿಂದಿತ್ತು. ಯೋಜನೆ ಮಾತ್ರ ಆ ದಿನಕ್ಕೇ ಮುಗಿಯಿತು.

ಸುನಕ್ ಪದೇ ಪದೇ ನಾರ್ವೆ, ಸ್ವೀಡನ್‌ಗಳತ್ತ ಕೈತೋರಿದ್ದರಿಂದ ಅಲ್ಲಿನ ರೀತಿಯನ್ನೂ ಹೇಳಿಬಿಡುತ್ತೇನೆ. ನಾರ್ವೆಯಲ್ಲಿ 2015ರಿಂದ ಹೆಣ್ಣುಮಕ್ಕಳಿಗೂ ಕರೆ ಅನ್ವಯಿಸುತ್ತದೆ. ಆದರೆ ವರ್ಷಕ್ಕೆ ಆ ವಯಸ್ಸು ಮುಟ್ಟುವ ಸುಮಾರು 60,000 ಮಂದಿ ಮೊದಲು ಒಂದು ಪ್ರಶ್ನಾವಳಿ ತುಂಬುತ್ತಾರೆ, ಅದರಿಂದ ಆರಿಸಿ ಪರೀಕ್ಷೆಗೆ ಕರೆಯುತ್ತಾರೆ, ಕೊನೆಗೆ ಹೋಗುವುದು ಹೆಚ್ಚುಕಡಿಮೆ ಆರರಲ್ಲಿ ಒಬ್ಬರು. ಸೇನೆ ತನಗೆ ಬೇಕಾದಷ್ಟನ್ನೇ, ಬಹುಮಟ್ಟಿಗೆ ಒಲವಿದ್ದವರನ್ನೇ ತೆಗೆದುಕೊಳ್ಳುತ್ತದೆ. ಸ್ವೀಡನ್ 2010ರಲ್ಲಿ ನಿಲ್ಲಿಸಿ 2017ರಲ್ಲಿ ಮರಳಿ ತಂದದ್ದೂ ಹೀಗೆ ಆಯ್ದು ತೆಗೆದುಕೊಳ್ಳುವ ಪದ್ಧತಿಯನ್ನೇ. ಎಲ್ಲರಿಗೂ ಹೇರಲು ಹೊರಟ ದೇಶ ಫ್ರಾನ್ಸ್. 2017ರ ಅಧ್ಯಕ್ಷ ಚುನಾವಣೆಯ ಪ್ರಚಾರದಲ್ಲಿ ಎಮ್ಯಾನುಯೆಲ್ ಮ್ಯಾಕ್ರನ್ ಒಂದು ತಿಂಗಳ ಸಾರ್ವತ್ರಿಕ ಸೇವೆಯ ಭರವಸೆ ಕೊಟ್ಟರು. 2019ರಲ್ಲಿ ಸುಮಾರು 2,000 ಸ್ವಯಂಪ್ರೇರಿತರಿಂದ ಶುರುವಾಯಿತು. ಆ ಜೂನ್‌ನಲ್ಲೇ ಎವ್ರೋ ಎಂಬಲ್ಲಿ ಸಮಾರಂಭದಲ್ಲಿ ಬಿಸಿಲಿಗೆ ನಿಲ್ಲಿಸಿದ ಮಕ್ಕಳಲ್ಲಿ ಹಲವರು ಅಸ್ವಸ್ಥರಾದರು. ನೆರಳು-ನೀರು ಯೋಚಿಸದೆ ಕವಾಯತು ನಡೆಸಿದರೆ ಎಲ್ಲಿಯಾದರೂ ಆಗುವುದೇ ಇದು. ಅದು ಕಡೆಗೂ ಸಾರ್ವತ್ರಿಕವಾಗಲಿಲ್ಲ. 2025ರ ನವೆಂಬರ್‌ನಲ್ಲಿ ಅದೇ ಮ್ಯಾಕ್ರನ್ ಪ್ರಕಟಿಸಿದ್ದು ಹತ್ತು ತಿಂಗಳ, ಸಂಬಳ ಸಹಿತ, ಸ್ವಯಂಪ್ರೇರಿತ ಸೈನಿಕ ಸೇವೆಯನ್ನು. 2026ರಲ್ಲಿ ಮೊದಲಿಗೆ 3,000 ಮಂದಿ. ಅದೇ ನವೆಂಬರ್ 30ರಂದು ಸ್ವಿಟ್ಜರ್ಲೆಂಡ್‌ನ ಮತದಾರರು ಗಂಡು-ಹೆಣ್ಣು ಎಲ್ಲರಿಗೂ ನಾಗರಿಕ ಸೇವೆ ಕಡ್ಡಾಯಗೊಳಿಸುವ ಪ್ರಸ್ತಾವವನ್ನು ಶೇ 84ರಷ್ಟು ಮತಗಳಿಂದ ತಳ್ಳಿಹಾಕಿದರು. ಜರ್ಮನಿ ಡಿಸೆಂಬರ್ 5ರಂದು ಒಪ್ಪಿದ ಕಾನೂನಿನಲ್ಲೂ 2008 ಮತ್ತು ಆಮೇಲೆ ಹುಟ್ಟಿದ ಗಂಡುಮಕ್ಕಳು ಪ್ರಶ್ನಾವಳಿ ತುಂಬುವುದು ಕಡ್ಡಾಯ, ಸೇವೆ ಸದ್ಯಕ್ಕೆ ಇಚ್ಛೆಯಿದ್ದವರಿಗೆ. ಅಷ್ಟಕ್ಕೇ ಆ ದಿನ ಹಲವು ನಗರಗಳಲ್ಲಿ ಶಾಲಾ ಮಕ್ಕಳು ತರಗತಿ ಬಿಟ್ಟು ಬೀದಿಗಿಳಿದರು.

ನಮ್ಮಲ್ಲಿ ಸಂವಿಧಾನದ 23(2)ನೇ ವಿಧಿ ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ವಿಧಿಸಲು ಅವಕಾಶ ಕೊಡುತ್ತದೆ. ಧರ್ಮ, ಜನಾಂಗ, ಜಾತಿ, ವರ್ಗದ ಆಧಾರದಲ್ಲಿ ತಾರತಮ್ಯ ಮಾಡಬಾರದು ಎಂಬುದು ಷರತ್ತು. ಹಾಗಾಗಿ ಕಾನೂನಿನ ಬಾಗಿಲು ತೆರೆದೇ ಇದೆ, ಅನುಭವದ ಪಾಠವೂ ಇದೆ. 1962ರ ಯುದ್ಧದ ನಂತರ ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯವಾಯಿತು. ಅಧಿಕಾರಿಗಳು, ಸಮವಸ್ತ್ರ, ಬಂದೂಕು ಯಾವುದೂ ಆ ಸಂಖ್ಯೆಗೆ ಸಾಲದೆ 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಕರ್ನಾಟಕದಲ್ಲಿ 2012ರ ಕಾಯ್ದೆ ವೈದ್ಯಕೀಯ ಪದವೀಧರರಿಗೆ ಒಂದು ವರ್ಷದ ಕಡ್ಡಾಯ ಸೇವೆ ವಿಧಿಸಿತು. ಉದ್ದೇಶ ಒಳ್ಳೆಯದಿತ್ತು, ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ವೈದ್ಯರು ಬೇಕೇ ಬೇಕು. ಆದರೆ ಪದವೀಧರರು ನೇಮಕಾತಿ ಆದೇಶಕ್ಕೆ ಕಾಯುತ್ತ ಕೂರುವಂತಾಯಿತು, ಹೈಕೋರ್ಟಿನಲ್ಲಿ ವರ್ಷಗಟ್ಟಲೆ ವಾದ ನಡೆಯಿತು, ಕೊನೆಗೆ ಖಾಲಿ ಹುದ್ದೆಗಳ ಅಗತ್ಯಕ್ಕೆ ತಕ್ಕಂತೆ ಎಂದು ಕಾಯ್ದೆಯನ್ನೇ ತಿದ್ದುವ ದಾರಿ ಹಿಡಿಯಬೇಕಾಯಿತು. ವರ್ಷಕ್ಕೆ ಕೆಲವೇ ಸಾವಿರ ವೈದ್ಯರ ವಿಷಯದಲ್ಲಿ ಹೀಗಾದರೆ, ರಾಜ್ಯದ ಪಿಯುಸಿ ಮುಗಿಸಿದ ಲಕ್ಷಾಂತರ ಮಕ್ಕಳ ಗತಿ ಏನು?

ಇಂಥ ಭರವಸೆ ನಮ್ಮ ಯಾವುದಾದರೂ ಪಕ್ಷದ ಪ್ರಣಾಳಿಕೆಯಲ್ಲಿ ಬಂದ ದಿನ, ದಯವಿಟ್ಟು ನಿಮ್ಮ ವರದಿಗಾರರು ಅದನ್ನು ‘ದೇಶಪ್ರೇಮ’ ಅಥವಾ ‘ಹೇರಿಕೆ’ ಎಂಬ ಎರಡೇ ತಲೆಬರಹಗಳಲ್ಲಿ ಕೊಡುವ ಮೊದಲು ತಾಲ್ಲೂಕು ಮಟ್ಟದ ಲೆಕ್ಕ ಕೇಳಲಿ. ಒಂದು ತಾಲ್ಲೂಕಿನಲ್ಲಿ ಆ ವರ್ಷ ಹದಿನೆಂಟು ತುಂಬುವವರೆಷ್ಟು, ಅವರನ್ನು ನೋಡಿಕೊಳ್ಳುವವರೆಷ್ಟು, ಆ ಮೇಲ್ವಿಚಾರಕರ ಸಂಬಳ ಯಾವ ಲೆಕ್ಕಶೀರ್ಷಿಕೆಯಿಂದ? ಗಾರೆ ಕೆಲಸಕ್ಕೋ ಹೋಟೆಲಿಗೋ ಹೋಗಿ ಮನೆ ನಡೆಸುವ ಹುಡುಗನಿಗೆ ಆ ದಿನಗಳ ಕೂಲಿ ತುಂಬಿಕೊಡುತ್ತಾರೆಯೇ? ಕೆಲಸದಲ್ಲಿ ಗಾಯವಾದರೆ ವಿಮೆ ಯಾರದು? ಬರದಿದ್ದವನಿಗೆ ಏನು ಮಾಡುತ್ತಾರೆ, ಅದನ್ನು ಮತದಾನಕ್ಕೆ ಮೊದಲೇ ಬರೆದು ಕೊಡುತ್ತಾರೆಯೇ? ಜೊತೆಗೆ, ಆ ಸೇವೆಗೆ ಹೋಗಬೇಕಾದ ಹದಿನಾರು-ಹದಿನೇಳರ ಮಕ್ಕಳ ಮಾತನ್ನೂ ಅದೇ ಪುಟದಲ್ಲಿ ಅಚ್ಚು ಹಾಕಿ. 2024ರ ಬ್ರಿಟನ್ನಿನಲ್ಲಿ ಯೋಜನೆ ಯಾರ ಮೇಲೆ ಬೀಳುತ್ತಿತ್ತೋ ಅವರಲ್ಲಿ ಹೆಚ್ಚಿನವರಿಗೆ ಮತವೇ ಇರಲಿಲ್ಲ. ಮತದಾನದ ವಯಸ್ಸನ್ನು 16ಕ್ಕೆ ಇಳಿಸುವುದಾಗಿ ಅಲ್ಲಿನ ಹೊಸ ಸರ್ಕಾರ 2025ರ ಜುಲೈನಲ್ಲಿ ಪ್ರಕಟಿಸಿದೆ. ನಮ್ಮಲ್ಲಿ ಆ ವಯಸ್ಸಿನವರ ಮಾತು ಮತಪೆಟ್ಟಿಗೆಗೆ ತಲುಪುವುದಿಲ್ಲ, ಪತ್ರಿಕೆಯ ಪುಟಕ್ಕಾದರೂ ತಲುಪಲಿ.

ವಂದನೆಗಳೊಂದಿಗೆ,
ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿ,
ಶಿವಮೊಗ್ಗ